ಕಪ್ಪು ಸೀರೆ, ಹಳದಿ ಸೆರಗು

೧೪ ಸೆಪ್ಟೆಂಬರ್ ೨೦೦೩, ಆದಿತ್ಯವಾರ. ಸಂಜೆ

ಎಂದಿನಂತೆ ಡುಲ್ಸಿನ್‌ಳ ಕೈನೆಟಿಕ್. ಎಂದಿನಂತೆ ಹಿಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ಅವಳ ಕ್ಯಾಮೆರಾ. ಮಣಿಪಾಲದಿಂದ ಕಾರ್ಕಳ ಮುಟ್ಟುವಷ್ಟರಲ್ಲಿ ಬೆನ್ನುಮೂಳೆಯ ಸಂಧಿಗಳೆಲ್ಲ ಬಿಡಿಸಿಕೊಂಡಿದ್ದವು. ಕನ್ನಡ ಮೇಡಂಗೆ ಇದಕ್ಕಿಂತ ತಕ್ಕ ಶಿಕ್ಷೆ ಇಲ್ಲ. ಡುಲ್ಸಿನ್ ಝುವಾಲಜಿ, ಸ್ಟಾಫ್‌ರೂಮಿನಲ್ಲಿ ನನ್ನ ಎದುರು ಮೇಜಿನವಳು. ಚಿಟ್ಟೆಯ ಹುಚ್ಚು ಹಿಡಿಸಿದ್ದೂ ಅವಳೇ. ಇಷ್ಟು ವರ್ಷ ಪದಕೋಶ ನೋಡಿಕೊಂಡು ಸುಮ್ಮನಿದ್ದವಳು ಈಗ ಚಿಟ್ಟೆಯ ಕೋಶ ಹುಡುಕಿಕೊಂಡು ಅಲೆಯುತ್ತಿದ್ದೇನೆ.

ಇವತ್ತೂ ನಮ್ಮ ನಾಗಬನಕ್ಕೆ. ಅಮ್ಮನ ಕಡೆಯ ಕುಟುಂಬದ ಬನ. ಸುತ್ತಲಿನ ಗುಡ್ಡ ಪೂರ್ತಿ ರಬ್ಬರ್, ಆಚೆ ಬದಿ ಕೆಂಪುಕಲ್ಲಿನ ಕೋರೆ. ನಡುವೆ ಒಂದು ಮುಷ್ಟಿ ಕಾಡು—ಬನದ ಗಿಡಕ್ಕೆ ಕತ್ತಿ ತಾಗಿಸಬಾರದು ಎಂಬ ಒಂದೇ ಕಟ್ಟಳೆಯಿಂದ ಉಳಿದದ್ದು. ನಾಗರಪಂಚಮಿಗೆ ಹಾಲು, ಎಳನೀರು ಎರೆಯಲು ಜನ ಬರುತ್ತಾರೆ, ಎರೆದು ಹೋಗುತ್ತಾರೆ. ಉಳಿದ ದಿನ ಅಲ್ಲಿ ಮನುಷ್ಯರ ಕೆಲಸವಿಲ್ಲ.

ಒಳಗೆ ಈಶ್ವರಬಳ್ಳಿ ಮರದಿಂದ ಮರಕ್ಕೆ ಹಬ್ಬಿದೆ. ಆ ಬಳ್ಳಿಯ ಜಾತಿ ಬಿಟ್ಟು ಬೇರೆ ಎಲೆ ಮುಟ್ಟದ ಹುಳು ಒಂದುಂಟು. ದೊಡ್ಡದಾದ ಮೇಲೆ ಅದರ ಹೆಸರು ಸದರ್ನ್ ಬರ್ಡ್‌ವಿಂಗ್. ಇವತ್ತು ಹೆಣ್ಣು ಬಂದಿತ್ತು. ಎರಡು ಅಂಗೈ ಬಿಡಿಸಿಟ್ಟಷ್ಟು ಅಗಲ. ಮೇಲಿನ ರೆಕ್ಕೆ ಕಪ್ಪು, ಕೆಳಗಿನದು ಅರಿಶಿನ ಹಳದಿ, ಹಳದಿಯ ಅಂಚಿಗೆ ಕಪ್ಪು ಬೊಟ್ಟು. ಎಲೆಯ ಅಡಿಗೆ ಮೊಟ್ಟೆ ಅಂಟಿಸಿ ಹೋಯಿತು. ನಾವಿಬ್ಬರೂ ಉಸಿರು ಬಿಡಲಿಲ್ಲ.

ಡುಲ್ಸಿನ್ ಒಂದು ಕೋಶ ತೋರಿಸಿದಳು. ಒಣ ಎಲೆ ಸುರುಳಿಕೊಂಡ ಹಾಗೆ. ಹುಲ್ಲುಕಡ್ಡಿಯಿಂದ ತಾಗಿಸಿದಳು.

ಸ್ಸ್ಸ್.

ಹಾರಿಬಿದ್ದೆ. ನಾಗಬನದಲ್ಲಿ ಕೇಳಬಾರದ ಸದ್ದು ಅದೊಂದೇ.

"ಹೆದರಬೇಡ ಮಾರಾಯ್ತಿ. ಕೋಶದ ಒಳಗಿಂದ ಅದು ಮೈ ಉಜ್ಜುವುದು. ಹತ್ತಿರ ಬರಬೇಡ ಅಂತ ಹೇಳುವುದು."

ಬರುವಾಗ ಇಬ್ಬರೂ ತಿರುಗಿ ನೋಡಿದೆವು. ತಿರುಗಿ ನೋಡಬಾರದು ಎಂದು ಅಮ್ಮ ಹೇಳುತ್ತಿದ್ದಳು.

೨೧ ಸೆಪ್ಟೆಂಬರ್, ಆದಿತ್ಯವಾರ

ಉಮಾನಾಥ ಮಾವ ಕರೆಸಿದ್ದರು. ಅಮ್ಮನ ಒಬ್ಬನೇ ಅಣ್ಣ, ಈಗ ಕುಟುಂಬದ ಯಜಮಾನ. ಜಗಲಿಯ ಕಟ್ಟೆಗೆ ನಮ್ಮಲ್ಲಿ ಚಿಟ್ಟೆ ಎನ್ನುತ್ತಾರೆ; ಆ ಚಿಟ್ಟೆಯ ಮೇಲೆ ಕೂತು ಚಿಟ್ಟೆಯ ಭವಿಷ್ಯ ತೀರ್ಮಾನವಾಯಿತು. ಬನದ ಜೀರ್ಣೋದ್ಧಾರವಂತೆ. ಮರಗಳನ್ನು ಜೀರ್ಣಿಸಿಕೊಂಡು ಕಂಟ್ರಾಕ್ಟರನ ಉದ್ಧಾರ. ಮರ ತೆಗೆದು, ನೆಲಕ್ಕೆ ಗ್ರಾನೈಟ್, ಸುತ್ತ ಟೈಲ್ಸ್ ಹಾಕಿದ ಗೋಡೆ, ಸ್ಟೀಲಿನ ಗೇಟು. ಮಸ್ಕತ್ತಿನಿಂದ ಮಗ ಜಿತೇಶನೇ ಮಾಡಿಸುವುದು.

"ಊರಿನ ಬನ ಎಲ್ಲ ಪಳಪಳ ಹೊಳೆಯುತ್ತದೆ. ನಮ್ಮದು ಮಾತ್ರ ಕಾಡು ಬಿದ್ದುಕೊಂಡಿದೆ."

"ಅದು ಕಾಡೇ ಅಲ್ವಾ ಮಾವ. ಬಿದ್ದದ್ದಲ್ಲ, ನಿಂತದ್ದು."

"ನಿನ್ನದು ಮಾತೇ ಜಾಸ್ತಿ."

"ನಾಗನಿಗೆ ಟೇಲ್ ಉಂಟು. ಟೈಲ್ಸ್ ಎಂತಕ್ಕೆ?"

ಮಾವ ಸಾಮಾನ್ಯವಾಗಿ ನಗುವವರು. ಇವತ್ತು ನಗಲಿಲ್ಲ. ನಾನು ಬಳ್ಳಿಯ ವಿಷಯ ಹೇಳಿದೆ, ಹುಳದ ವಿಷಯ ಹೇಳಿದೆ. ಕೋರೆಯ ಈಚೆ, ರಬ್ಬರಿನ ಈಚೆ ಆ ಬಳ್ಳಿ ಉಳಿದಿರುವುದು ನಮ್ಮಲ್ಲಿ ಮಾತ್ರ ಎಂದೆ.

"ನಿನ್ನ ಪಾತರಗಿತ್ತಿಗೆ ರೇಷನ್ ಕಾರ್ಡು ಉಂಟಾ? ಬೇರೆ ಅಂಗಡಿಯಲ್ಲಿ ತಿನ್ನಲಿ."

"ಅದಕ್ಕೆ ಒಂದೇ ಅಂಗಡಿ ಮಾವ."

ವಿನೋದಾ ಅತ್ತೆ ಎದ್ದು ಒಳಗೆ ಹೋದರು. ಹಿಂದಿನಿಂದ ಹೋದೆ. ಅಡುಗೆಮನೆಯಲ್ಲಿ ತೆಂಗಿನಕಾಯಿ ಹೆರೆಯುತ್ತ ಅಳುತ್ತಿದ್ದರು. ಜಿತೇಶನ ಹೆಂಡತಿ ನಿಖಿತಾಳಿಗೆ ಈ ಸಲವೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾಗದೋಷ ಅಂತ ಯಾರೋ ಹೇಳಿದ್ದಾರೆ. ಬನ ಚಂದ ಮಾಡಿದರೆ ಸರಿ ಹೋಗುತ್ತದೆ ಅಂತ.

ನನ್ನ ಟೇಲ್-ಟೈಲ್ಸನ್ನು ಎಲ್ಲಿ ಹೂಳಲಿ.

೨೮ ಸೆಪ್ಟೆಂಬರ್, ಆದಿತ್ಯವಾರ. ರಾತ್ರಿ ಊಟದ ಮೊದಲು

ಮಾಡಿಬಿಟ್ಟೆ.

ಮರ ಕಡಿಯುವವರು ದಸರಾ ಕಳೆದು ಬರುತ್ತಾರಂತೆ. ಮಾವನ ಹತ್ತಿರ ವಿಜ್ಞಾನ ನಡೆಯಲಿಲ್ಲ, ವಿನೋದ ನಡೆಯಲಿಲ್ಲ. ಉಳಿದದ್ದು ವಿನೋದಾ ಅತ್ತೆ. ಅವರ ಹತ್ತಿರ ಹೋಗಿ ಕನಸು ಹೇಳಿದೆ. ಕಾಣದ ಕನಸು.

ಬನದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಕಪ್ಪು ಸೀರೆ. ಹಳದಿ ಸೆರಗು. ಸೆರಗಿನ ಅಂಚಿಗೆ ಸಾಲಾಗಿ ಕಪ್ಪು ಬೊಟ್ಟು. ಮುಖ ಕಾಣುವುದಿಲ್ಲ. "ನನ್ನ ಮಕ್ಕಳಿಗೆ ಉಣ್ಣಲು ಏನು ಉಳಿಸಿದಿರಿ?" ಎಂದು ಕೇಳುತ್ತಾಳೆ.

ಬರ್ಡ್‌ವಿಂಗಿಗೆ ಸೀರೆ ಉಡಿಸಿದ್ದು ಅಷ್ಟೇ. ಮಾತೂ ಸುಳ್ಳಲ್ಲ, ಚಿಟ್ಟೆಗೆ ಬಾಯಿ ಇದ್ದರೆ ಅದನ್ನೇ ಕೇಳುತ್ತಿತ್ತು. ಆದರೆ "ಮಕ್ಕಳು" ಎಂದ ಕೂಡಲೇ ಅತ್ತೆಯ ಕೈಯಿಂದ ಸೌಟು ಜಾರಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಫೋನಿನಲ್ಲಿ ಡುಲ್ಸಿನ್ ನಕ್ಕದ್ದೇ ನಕ್ಕದ್ದು. "ನೀನು ಲೆಕ್ಚರರ್ ಆಗಬಾರದಿತ್ತು, ಸೀರೆ ಅಂಗಡಿ ಇಡಬೇಕಿತ್ತು." ಆಮೇಲೆ ನಗು ನಿಲ್ಲಿಸಿ, "ಪ್ರಫುಲ್ಲಾ, ನಿಮ್ಮವರು ಇಂಥದ್ದನ್ನು ಜೋಕ್ ಅಂತ ತೆಗೆದುಕೊಳ್ಳುವುದಿಲ್ಲ ಅಲ್ವಾ?"

ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಹೇಳಿದ್ದು.

೧೨ ಅಕ್ಟೋಬರ್, ಆದಿತ್ಯವಾರ

ಫಲ ಸಿಕ್ಕಿತು. ಕಡಿಯುವವರಿಗೆ ಮಾವ ಸದ್ಯಕ್ಕೆ ಬೇಡ ಎಂದಿದ್ದಾರೆ. ಬನದ ಹೊರಗೆ ಮೆಟ್ಟಿಲಿನ ಕೆಲಸ ಮಾತ್ರ ನಡೆಯಲಿ ಎಂದು ಪಡುಬಿದ್ರಿಯ ಸೈಟಿನಿಂದ ಜನ ಕರೆಸಿದ್ದಾರೆ, ಗದಗದ ಕಡೆಯವರು. ಕಾಪುವಿನ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಆಮೇಲೆ ಮುಂದಿನದು.

ಖುಷಿಯಿಂದ ಬಾಳೆಹಣ್ಣಿನ ಬನ್ಸ್ ತಿನ್ನುತ್ತ ಕೂತಿದ್ದೆ. (ಬನ ಉಳಿದ ಸಂತೋಷಕ್ಕೆ ಬನ್ಸ್.) ಅತ್ತೆ ಹತ್ತಿರ ಬಂದು ಕೂತರು. ಸ್ವರ ಇಳಿಸಿ ಕೇಳಿದರು.

"ಅವಳ ಎಡಗೈಯಲ್ಲಿ ಬಳೆ ಇರಲಿಲ್ಲ, ಅಲ್ವಾ?"

"ಯಾರ?"

"ನಿನ್ನ ಕನಸಿನಲ್ಲಿ ಬಂದವಳ. ಒಂದು ಕೈಯಲ್ಲಿ ಬಳೆ ಉಂಟು, ಒಂದು ಕೈ ಬರಿದು."

ಏನು ಹೇಳಲಿ? ಹೌದು ಎಂದೆ. ಸುಳ್ಳಿಗೆ ಇನ್ನೊಂದು ಕಂಬ ಸಿಕ್ಕಿದರೆ ಬೇಡವೆನ್ನುವುದು ಯಾಕೆ.

"ನಿಮಗೆ ಹೇಗೆ ಗೊತ್ತು ಅತ್ತೆ?"

"ನನಗೂ ಬಿದ್ದಿತ್ತು, ಕನಸು." ಸೆರಗಿನಿಂದ ಮುಖ ಒರೆಸಿಕೊಂಡರು. "ನೀನು ಹೇಳುವ ಮೊದಲು. ಹೇಳಲು ಹೆದರಿಕೆಯಾಗಿ ಸುಮ್ಮನಿದ್ದೆ."

ಕೈಯಲ್ಲಿದ್ದ ಬನ್ಸನ್ನು ತಟ್ಟೆಗೆ ವಾಪಸ್ ಇಟ್ಟೆ.

ಈಗ ರೂಮಿನಲ್ಲಿ ಕೂತು ಯೋಚಿಸಿದರೆ ಎಲ್ಲ ಸರಳ. ಮಗುವಿನ ಚಿಂತೆಯಲ್ಲಿ ನಿದ್ದೆ ಇಲ್ಲದವರು. ನಾನು ಹೇಳಿದ ಮೇಲೆ ಕಂಡದ್ದನ್ನೇ ಮೊದಲು ಕಂಡದ್ದು ಎಂದುಕೊಂಡಿದ್ದಾರೆ. ಸರಳ. ಆದರೂ ಲೈಟ್ ಆರಿಸಲಿಲ್ಲ.

೧೯ ಅಕ್ಟೋಬರ್, ಆದಿತ್ಯವಾರ

ಸರಿಯಾಗಿ ಬರೆಯಬೇಕು. ಬರೆದರೆ ಸಣ್ಣದಾಗುತ್ತದೆ.

ಮಟಮಟ ಮಧ್ಯಾಹ್ನ. ಡುಲ್ಸಿನ್ ಚರ್ಚಿನ ಮದುವೆಗೆ ಹೋಗಿದ್ದಳು, ಒಬ್ಬಳೇ ಬಸ್ಸಿನಲ್ಲಿ ಹೋದೆ. ಬನದ ಅಂಚಿಗೆ ನಿಂತು ಬಳ್ಳಿ ನೋಡುತ್ತಿದ್ದೆ. ಬಿಸಿಲು ಎಷ್ಟಿತ್ತೆಂದರೆ ರಬ್ಬರ್ ಎಲೆಗಳು ತಗಡಿನ ಹಾಗೆ ಮಿನುಗುತ್ತಿದ್ದವು. ಬನದ ಒಳಗೆ ಮಾತ್ರ ನೆರಳು, ತಣ್ಣಗೆ. ಗಂಡು ಬರ್ಡ್‌ವಿಂಗ್ ನಾಲ್ಕಾರು ಮೇಲಿನಿಂದ ಇಳಿಯುತ್ತಿದ್ದವು. ಇಳಿದವು ಹೂವಿಗೆ ಹೋಗಲಿಲ್ಲ. ಒಂದೇ ಕಡೆ ಸುತ್ತುತ್ತಿದ್ದವು. ನನ್ನ ಬೆನ್ನ ಹಿಂದೆ ಎಲ್ಲೋ.

ಮೆಟ್ಟಿಲಿಗೆ ಕಲ್ಲು ಹೊರುವ ಹೆಂಗಸು, ರಾಚವ್ವ, ತಲೆಯ ಸಿಂಬಿ ತೆಗೆದು ನಿಂತು ನೋಡುತ್ತಿದ್ದಳು.

"ಅಕ್ಕಾರ, ಅವರ‍್ಯಾರ್ರೀ?"

"ಯಾರು?"

"ಅವರ‍್ರೀ. ಕರೇ ಸೀರಿ ಉಟ್ಟಾರಲ್ಲ. ಅರಿಷಿಣ ಬಣ್ಣದ ಸೆರಗು. ನಿಮ್ಮ ಮನಿಯವರೇನ್ರೀ?"

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ.

"ಭಾಳ ಹೊತ್ತು ನಿಂತಾರ್ರೀ. ಮಾತಾಡಿಸಿದರ ಮಾತಾಡವಲ್ಲರು. ಪಾಪ, ಒಂದ ಕೈಯಾಗ ಬಳಿ ಇಲ್ಲ. ಒಡದಾವೇನೋ."

ಹೇಗೆ ನಡೆದು ಬಂದೆ ಗೊತ್ತಿಲ್ಲ. ಮಾವನ ಮನೆಗೆ ಬಂದು ಅತ್ತೆಯನ್ನು ಕೇಳಿದೆ, ಕೆಲಸದವರ ಹತ್ತಿರ ಕನಸಿನ ವಿಷಯ ಹೇಳಿದಿರಾ ಎಂದು.

"ಅವರ ಹತ್ತಿರ ಎಂತ ಹೇಳುವುದು? ಅವಳ ಕನ್ನಡ ನನಗೆ ಅರ್ಥ ಆಗುವುದಿಲ್ಲ, ನನ್ನದು ಅವಳಿಗೆ."

೨೦ ಅಕ್ಟೋಬರ್. ಸ್ಟಾಫ್‌ರೂಮ್

ಡುಲ್ಸಿನ್ ಕೇಳಿ ಬಿದ್ದು ಬಿದ್ದು ನಗುತ್ತಾಳೆಂದುಕೊಂಡೆ. ನಗಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿನ್ನೆ ಎಂತ ಹಾಕಿದ್ದಿ?"

"ಕಪ್ಪು ಚೂಡಿದಾರ."

"ವೇಲ್?"

"ಹಳದಿ."

"ನೋಡು! ಎಡಗೈಯಲ್ಲಿ ವಾಚು, ಬಳೆ ಬಲಗೈಗೆ ಮಾತ್ರ. ಅವಳು ನಿನ್ನನ್ನೇ ನೋಡಿದ್ದು ಮಾರಾಯ್ತಿ! ಬಿಸಿಲಿಗೆ ಕಣ್ಣು ಕತ್ತಲೆ ಬಂದಿರಬೇಕು. ನಿನ್ನ ಅತ್ತೆ ಸಹ ಕನಸಿನಲ್ಲಿ ಕಂಡದ್ದು ನಿನ್ನನ್ನೇ."

ಎಷ್ಟು ಸಮಾಧಾನವಾಯಿತು! ಕ್ಯಾಂಟೀನಿನಲ್ಲಿ ಅವಳಿಗೆ ಗೋಳಿಬಜೆ ಕೊಡಿಸಿದೆ. ದೆವ್ವ ಬೇರೆ ಯಾರೂ ಅಲ್ಲ, ನಾನೇ—ಇಂಥ ಸಮಾಧಾನ ಯಾರಿಗೆ ಸಿಕ್ಕೀತು.

ಸಂಜೆ ಸೇರಿಸಿದ್ದು: ಬಸ್ಸಿನಲ್ಲಿ ಹೊಳೆಯಿತು. ರಾಚವ್ವ ನನ್ನ ಹತ್ತಿರವೇ ಮಾತಾಡುತ್ತಿದ್ದಳಲ್ಲ. "ಅವರ‍್ಯಾರು" ಎಂದು ನನ್ನನ್ನೇ ಕೇಳಿದ್ದು.

೨ ನವೆಂಬರ್, ಆದಿತ್ಯವಾರ

ಕಾಪು. ಜೋಯಿಸರ ಮನೆಯ ಜಗಲಿ. ಸಮುದ್ರದ ಸದ್ದು ಒಳಗಿನವರೆಗೆ ಕೇಳುತ್ತಿತ್ತು. ಮಾವ, ಅತ್ತೆ, ನಾನು. ನಾನು ಪ್ರಶ್ನೆಪತ್ರಿಕೆ ತೆಗೆಯುವವಳು. ಇಲ್ಲಿ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ, ಎರಡೂ ಔಟ್ ಆಫ್ ಸಿಲೆಬಸ್. ಹೀಗೆ ಮನಸ್ಸಿನಲ್ಲಿ ತಮಾಷೆ ಮಾಡಿಕೊಂಡು ಕೂತಿದ್ದೆ, ಕವಡೆ ಸರಿಸುವವರೆಗೆ.

ನನ್ನ ಲೆಕ್ಕ ಇಷ್ಟೇ ಇತ್ತು: ನಾಗನಿಗೆ ಕೋಪ, ಮರ ಮುಟ್ಟಬೇಡಿ—ಎನ್ನುತ್ತಾರೆ. ನಮ್ಮ ಕಡೆ ಬನದ ಕನಸಿಗೆ ಬೇರೆ ಯಾವ ಅರ್ಥ ಉಂಟು?

"ಇದು ನಾಗನ ಕೋಪ ಅಲ್ಲ," ಎಂದರು ಜೋಯಿಸರು. "ಹೆಣ್ಣು. ನಿಮ್ಮ ಕುಟುಂಬದ್ದೇ. ಮಕ್ಕಳ ಆಸೆ ತೀರದೆ ಹೋದವಳು. ಬನದಲ್ಲಿ ಸೇರಿಕೊಂಡಿದ್ದಾಳೆ. ಅವಳಿರುವವರೆಗೆ ಮನೆಯಲ್ಲಿ ತೊಟ್ಟಿಲು ಆಡುವುದಿಲ್ಲ."

ಅತ್ತೆ ಬಿಕ್ಕಿದರು. ಮಾವ ಕೈ ಮುಗಿದು ಕೇಳಿದರು, "ಎಂತ ಮಾಡಬೇಕು?"

"ಬನದಲ್ಲಿ ನೆರಳು ಹೆಚ್ಚಾಗಿದೆ. ನೆರಳಲ್ಲಿ ನಿಂತಿದ್ದಾಳೆ. ನೆರಳು ತೆಗೆಯಿರಿ. ಒಂದು ಗಿಡ, ಒಂದು ಬಳ್ಳಿ ಬಿಡಬೇಡಿ. ಬಿಸಿಲು ನೆಲಕ್ಕೆ ಬೀಳಲಿ."

ನಾನು ಕಟ್ಟಿದ ಹೆಂಗಸು. ನಾನು ಉಡಿಸಿದ ಸೀರೆ. ಬಳ್ಳಿ ಉಳಿಸಲು ನಿಲ್ಲಿಸಿದವಳನ್ನು ಓಡಿಸಲು ಈಗ ಬಳ್ಳಿಯನ್ನೇ ಕೀಳಬೇಕು.

ಇನ್ನೂ ಮುಗಿದಿರಲಿಲ್ಲ. ಜೋಯಿಸರು ನನ್ನ ಕಡೆ ತಿರುಗಿದರು. "ಇವರು ತಾಯಿಯ ಕಡೆಯವರಾ?"

ಹೌದು. ನಮ್ಮಲ್ಲಿ ಕುಟುಂಬ ಹರಿಯುವುದು ಹೆಣ್ಣಿನ ಕಡೆಯಿಂದ. ಅಜ್ಜಿ, ಅಮ್ಮ, ನಾನು. ನನ್ನ ನಂತರ ಫುಲ್‌ಸ್ಟಾಪ್.

"ಹಾಗಾದರೆ ಇವರೇ ಹೇಳಬೇಕು. ಬನದ ಅಂಚಿಗೆ ನಿಂತು, ಇಲ್ಲಿಂದ ಹೊರಡು ಅಂತ. ಮೂರು ಸಲ."

ಮಾವ ಅದಕ್ಕೆ ದಿನ ಗುರುತು ಹಾಕಿಸಿಕೊಂಡರು. ತಿಂಗಳ ಕೊನೆಯ ಆದಿತ್ಯವಾರ.

೯ ನವೆಂಬರ್, ಆದಿತ್ಯವಾರ

ಸತ್ಯ ಹೇಳಿದೆ. ಪೂರ್ತಿ. ಚಿಟ್ಟೆಯ ಫೋಟೋ ಮುಂದಿಟ್ಟು, ನೋಡಿ ಇದೇ ಸೀರೆ, ಇದೇ ಸೆರಗು, ಇದೇ ಬೊಟ್ಟು, ನಾನೇ ಕಟ್ಟಿದ ಕತೆ ಎಂದೆ. ಕ್ಷಮೆ ಕೇಳಿದೆ. ಕಾಲಿಗೆ ಬಿದ್ದೆ.

ಮಾವ ಫೋಟೋ ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು.

"ಸುಳ್ಳಾದರೆ ವಿನೋದಾಳಿಗೆ ಕನಸು ಯಾಕೆ ಬಿತ್ತು?"

"ನನ್ನದು ಕೇಳಿ—"

"ನೀನು ಹೇಳುವ ಮೊದಲೇ ಬಿದ್ದದ್ದು. ಆ ಗಟ್ಟದ ಮೇಲಿನ, ಕಲ್ಲು ಹೊರುವ ಹೆಂಗಸು ಕಂಡದ್ದು ಎಂತ? ಜೋಯಿಸರಿಗೆ ಹೆಣ್ಣು ಅಂತ ಹೇಳಿದ್ದು ಯಾರು?"

 ಇಷ್ಟು ವರ್ಷದಲ್ಲಿ ಮಾವನ ಎದುರು ಮಾತು ಸಿಗದೆ ನಿಂತದ್ದು ಇದೇ ಮೊದಲು. ಅತ್ತೆ ಬಂದು ನನ್ನ ತಲೆ ನೇವರಿಸಿದರು. ಮಗುವಿನ ತಲೆ ನೇವರಿಸುವ ಹಾಗೆ.

"ಅವಳೇ ನಿನ್ನ ಬಾಯಿಂದ ಹೀಗೆ ಹೇಳಿಸುತ್ತಿದ್ದಾಳೆ ಮಗಾ. ಅವಳಿಗೆ ಹೋಗಲು ಮನಸ್ಸಿಲ್ಲ."

ಎಂತಹ ಬೋನು! ಸುಳ್ಳು ಹೇಳಿದಾಗ ನಾನು. ಸತ್ಯ ಹೇಳಿದಾಗ ಅವಳು.

೨೩ ನವೆಂಬರ್, ಆದಿತ್ಯವಾರ

ಎರಡು ವಾರ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಪೆನ್ನು ಎತ್ತುವ ಮೊದಲೇ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ನನ್ನದಲ್ಲದ ವಾಕ್ಯ. ಎಲೆಯ ಬಗ್ಗೆ, ಹಸಿವಿನ ಬಗ್ಗೆ.

ಡುಲ್ಸಿನ್ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದ್ದಳು. ಖಾಸಗಿ ಜಾಗ, ದೇವರ ಕೆಲಸ, ಮೇಡಂ ನೀವು ಬೇರೆ ಏನಾದರೂ ಹೇಳಿ—ಇಷ್ಟೇ.

ಇವತ್ತು ಇಬ್ಬರೂ ಹೋದೆವು. ಬಳ್ಳಿಯ ತುಂಬ ಹುಳು. ಕಡು ಕೆಂಪು, ಮೈಯೆಲ್ಲ ಮೆತ್ತನೆಯ ಮುಳ್ಳು, ಬೆನ್ನಿಗೆ ಬಿಳಿ ಪಟ್ಟಿ. ನಿಧಾನವಾಗಿ ತಿನ್ನುತ್ತಿದ್ದವು, ನಾಳೆ ಎನ್ನುವುದು ಇದೆಯೆಂಬ ಹಾಗೆ. ಸೆಪ್ಟೆಂಬರಿನಲ್ಲಿ ನೋಡಿದ ಕೋಶವೂ ಇತ್ತು. ಖಾಲಿ. ಬೆನ್ನು ಸೀಳಿ ಚಿಟ್ಟೆ ಎಂದೋ ಹೋಗಿದೆ. ಒಳಗೆ ಬೆಳಕು ಹಾಯುತ್ತಿತ್ತು.

ಬೆರಳ ತುದಿಯಿಂದ ಮುಟ್ಟಿದೆ.

ಸ್ಸ್ಸ್.

ಡುಲ್ಸಿನ್ ನನ್ನ ಮುಖ ನೋಡಿದಳು. ನಾನು ಅವಳ ಮುಖ. ಅವಳು ಬಗ್ಗಿ ಖಾಲಿ ಸಿಪ್ಪೆಯೊಳಗೆ ನೋಡಿದಳು, ವಿಜ್ಞಾನಿಯಲ್ಲವೇ. ಏನೂ ಇರಲಿಲ್ಲ. ಸೊಂಟಕ್ಕೆ ಕೈಯಿಟ್ಟು ಎದ್ದಳು.

"ಗಾಳಿ," ಎಂದಳು.

ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಗಾಡಿ ಸ್ಟಾರ್ಟ್ ಮಾಡುವಾಗ ಕುತ್ತಿಗೆಯ ಶಿಲುಬೆಯನ್ನು ಹಿಡಿದುಕೊಂಡಿದ್ದಳು. ಒಂದೇ ಕೈಯಲ್ಲಿ ಕೈನೆಟಿಕ್ ಓಡಿಸುವುದನ್ನು ಮೊದಲ ಸಲ ನೋಡಿದೆ.

೨೭ ನವೆಂಬರ್, ಗುರುವಾರ. ಸಂಜೆ

ಮಾವ ಮಣಿಪಾಲದ ನನ್ನ ರೂಮಿಗೇ ಬಂದರು. ಹಿಂದೆಂದೂ ಬಂದವರಲ್ಲ. ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆ ಕಳಿಸಿದ ಪತ್ರೊಡೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಆದಿತ್ಯವಾರ ಬರುತ್ತೀ ಅಲ್ವಾ?"

"ಬರುತ್ತೇನೆ. ಹೊರಡು ಅಂತ ಮಾತ್ರ ಹೇಳುವುದಿಲ್ಲ."

"ನಿನಗೆ ಅದರ ಮೇಲೆ ನಂಬಿಕೆ ಇಲ್ಲ. ಇಲ್ಲದ್ದಕ್ಕೆ ಹೊರಡು ಅಂದರೆ ನಿನ್ನ ಗಂಟು ಎಂತ ಹೋಗುತ್ತದೆ?"

ನ್ಯಾಯವಾದ ಮಾತು. ಮಾವ ಪ್ರೊಫೆಸರ್ ಆಗಬೇಕಿತ್ತು.

"ನಾನು ಹೇಳಿದರೆ ನೀವು ಕಡಿಯುತ್ತೀರಿ ಮಾವ. ಒಮ್ಮೆ ಹೋದರೆ ಅದು ಮತ್ತೆ ಬರುವುದಿಲ್ಲ. ಎಲ್ಲಿಂದ ಬರುವುದು?"

"ಜಿತೇಶನಿಗೆ ಒಂದು ಮಗು ಬೇಡವಾ ಪ್ರಫುಲ್ಲಾ?"

ನಿಖಿತಾ ಮದುವೆಯಾಗಿ ಬಂದ ವರ್ಷ ನನ್ನ ಹಾಸ್ಯಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಬೇಡವೆಂದು ಹೇಗೆ ಹೇಳಲಿ. ಮಂಗಳೂರಿನಲ್ಲೋ ಇಲ್ಲೇ ಮಣಿಪಾಲದಲ್ಲೋ ಒಳ್ಳೆಯ ಡಾಕ್ಟರಿಗೆ ತೋರಿಸೋಣ, ನಾನೇ ಜೊತೆಗೆ ಇರುತ್ತೇನೆ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಏಳುವಾಗ ಹೇಳಿದರು. "ನೀನು ಹೇಳದಿದ್ದರೆ ಯಜಮಾನ ಅಂತ ನಾನೇ ಹೇಳಬಹುದಂತೆ. ಕೇಳಿ ಬಂದಿದ್ದೇನೆ. ಗರಗಸದವರಿಗೆ ಹೇಳಿ ಆಗಿದೆ." ಬಾಗಿಲಲ್ಲಿ ನಿಂತರು. ಕಣ್ಣು ಕೆಂಪಾಗಿತ್ತು. "ನಿನ್ನ ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು."

ಇರಬಹುದು. ಇಲ್ಲದಿರಬಹುದು. ಮಾವ ಹೋದ ಮೇಲೆ ಡಬ್ಬಿ ತೆರೆದೆ. ಪತ್ರೊಡೆ ನನಗೆ ಪ್ರಾಣ. ಇವತ್ತು ಒಂದು ತುಂಡೂ ಇಳಿಯಲಿಲ್ಲ. ಕೆಸುವಿನ ಎಲೆ. ಬೇರೆ ಎಲೆ ಬೇಕು ಎನಿಸಿತು.

೩೦ ನವೆಂಬರ್, ಆದಿತ್ಯವಾರ. ಬೆಳಿಗ್ಗೆ, ಬನದೊಳಗೆ

ಮೊದಲ ಬಸ್ಸಿಗೆ ಬಂದೆ. ರೂಮಿನಲ್ಲೇ ಮಿಂದಿದ್ದೆ. ಚಪ್ಪಲಿ ಮೆಟ್ಟಿಲಿನ ಹತ್ತಿರ ಬಿಟ್ಟು ಒಳಗೆ ಬಂದು, ಮೆಟ್ಟಿಲಿಗೆ ತಾಗಿದಂತಿರುವ ಈಶ್ವರಬಳ್ಳಿಯ ಬುಡದಲ್ಲಿ ಕೂತಿದ್ದೇನೆ. ಬೇರೆ ಉಪಾಯ ತೋಚಲಿಲ್ಲ. ಮನುಷ್ಯರು ಅಡಿಯಲ್ಲಿ ಕೂತಿರುವಾಗ ಮರ ಕಡಿಯಲಾರರು. ಮಡಿಯಲ್ಲಿಲ್ಲದೆ ಒಳಗೆ ಬಂದು ಎಳೆಯಲಾರರು. ಡೈರಿಯನ್ನೂ ತಂದಿದ್ದೇನೆ, ಮಡಿಲಲ್ಲಿಟ್ಟು ಬರೆಯುತ್ತಿದ್ದೇನೆ.

ಟೆಂಪೋ ಬಂತು. ಗರಗಸ ಇಳಿಸುವ ಸದ್ದು. ಮಾವನ ಕೆಮ್ಮು.

"ಪ್ರಫುಲ್ಲಾ. ಹೊರಗೆ ಬಾ ಮಗಾ."

"ಇಲ್ಲ ಮಾವ."

"ಜನ ನೋಡುತ್ತಾರೆ."

"ಇಷ್ಟು ದಿನ ಜನ ನೋಡಲಿಲ್ಲ ಅಂತಲೇ ಬನ ಹೀಗೆ ಉಳಿದದ್ದು."

ಅತ್ತೆಯ ಅಳು. ಯಾರೋ ಅವರನ್ನು ಕಲ್ಲಿನ ಮೇಲೆ ಕೂರಿಸಿದರು.

ಬಿಸಿಲು ಮರದ ತಲೆಗೆ ಬಂದಿದೆ. ಮೇಲೆ ರೆಕ್ಕೆ ಬಿಚ್ಚುವುದು ಕಾಣುತ್ತದೆ. ಒಂದು ಹೆಣ್ಣು ಇಳಿಯಿತು. ನನ್ನ ಪಕ್ಕಕ್ಕೆ ಬಂತು. ಎಲೆಯ ಮೇಲಲ್ಲ, ಕಡ್ಡಿಯ ಮೇಲಲ್ಲ. ನನ್ನ ಭುಜದ ಎತ್ತರದಲ್ಲಿ, ಏನೂ ಇಲ್ಲದ ಕಡೆ ಕೂತಿತು. ರೆಕ್ಕೆ ಬಡಿಯದೆ. ಕೂತೇ ಇದೆ. ಜೇಡನ ಎಳೆ ಇರಬೇಕು. ಎಳೆ ಹುಡುಕಿದೆ. ಕಾಣಲಿಲ್ಲ. ಕನ್ನಡಕ ಒರೆಸಿ ಹುಡುಕಿದೆ.

ಮಾವ ಶುರು ಮಾಡಿದರು. ಸ್ವರ ಸಣ್ಣದು.

"ಇಲ್ಲಿಂದ ಹೊರಡು."

ನನಗೆ ಹೇಳಿದ್ದು ಎನಿಸಿತು. ಮೊಣಕಾಲು ತಾನಾಗಿ ಏಳಲು ಹೊರಟಿತು.

"ಇಲ್ಲಿಂದ ಹೊರಡು."

ಅರ್ಧ ಎದ್ದಿದ್ದೆ. ನಿಜ. ಇಷ್ಟು ಹಟ ಮಾಡಿ ಬಂದವಳು ಅರ್ಧ ಎದ್ದಿದ್ದೆ. ಆಗ ತೋಳನ್ನು ಹಿಡಿದು ಕೂರಿಸಿದ ಹಾಗಾಯಿತು. ಬಲವಾಗಿ ಅಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು, ನಿಮ್ಮ ಸ್ಟಾಪ್ ಇದಲ್ಲ, ಕೂತುಕೊಳ್ಳಿ ಎಂದು ಹಿಡಿಯುವ ಹಾಗೆ. ತಣ್ಣಗಿತ್ತು. ಕೂತೆ.

ಮೂರನೆಯದು ಬರಲಿಲ್ಲ. ಹೊರಗೆ ಗಲಾಟೆ. ಅತ್ತೆಯ ಸ್ವರ—

"ಏ ರಾಚವ್ವಾ, ಬನಕ್ಕೆ ಚಾ ತರುವುದಾ? ಎಂತ ಮಾಡುತ್ತೀ ನೀನು?"

"ಮುಂಜಾನಿಂದ ಕುಂತಾರ‍್ರೀ, ಉಪಾಸ. ಒಳಗ ಒಯ್ಯಂಗಿಲ್ರೀ, ಇಲ್ಲೇ ಮೆಟ್ಟಲ ಮ್ಯಾಲ ಇಡತೀನಿ."

"ಎರಡು ಲೋಟ ಯಾರಿಗೆ?" ಮಾವ ಕೇಳಿದರು. "ಪ್ರಫುಲ್ಲ ಒಬ್ಬಳೇ ಅಲ್ವಾ ಇರುವುದು."

"ಎಲ್ಲೀ ಒಬ್ಬರ‍್ರೀ, ಯಜಮಾನ್ರ? ಇಬ್ಬರು ಕುಂತಾರಲ್ರೀ."

 ಕೋರೆಯ ಮೆಷಿನ್ ಆ ಹೊತ್ತಿಗೆ ನಿಂತಿತ್ತು. ಗರಗಸದವರಲ್ಲಿ ಒಬ್ಬ ತುಳುವಿನಲ್ಲಿ ಏನೋ ಹೇಳಿದ. ತಲೆ ಎತ್ತಿ ನೋಡಿದೆ. ಎಲ್ಲರ ಕಣ್ಣು ನನ್ನ ಪಕ್ಕದಲ್ಲಿ, ಚಿಟ್ಟೆ ಕೂತ ಜಾಗದಲ್ಲಿ. ಮಾವ ಹೆಗಲ ಬೈರಾಸು ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ದೇವರ ಎದುರು ನಿಲ್ಲುವಾಗ ಕಟ್ಟಿಕೊಳ್ಳುವಂತೆ. ಬಾಯಿ ತೆರೆದರು. ಮುಚ್ಚಿದರು.

ಗರಗಸ ಟೆಂಪೋಕ್ಕೆ ಏರುತ್ತಿದೆ. ಕಬ್ಬಿಣದ ಸದ್ದು. "ಬೇಡ, ನಮಗೆ ಈ ಕೆಲಸ ಬೇಡ" ಎನ್ನುತ್ತಿದ್ದಾರೆ. ಮಾವ ತಡೆಯಲಿಲ್ಲ. ಅತ್ತೆಯ ಕೈ ಹಿಡಿದು ಎಬ್ಬಿಸಿದರು. ಹೋಗುವ ಮೊದಲು ಒಮ್ಮೆ ಇತ್ತ ನೋಡಿ ಕೇಳಿದರು, ನನ್ನನ್ನಲ್ಲ—

"ಆ ಹುಡುಗಿಗೆ ಒಂದು ಮಗು ಕೊಡುತ್ತೀಯಾ, ನಿನ್ನನ್ನು ಇಲ್ಲೇ ಬಿಟ್ಟರೆ?"

ಹಾಸ್ಯ ಹೊಳೆಯಲಿಲ್ಲ. 

ಗುಡ್ಡದ ಕೆಳಗೆ ಟೆಂಪೋದ ಸದ್ದು ಇಳಿದುಹೋಯಿತು. ಬನ ಇದೆ. ಬಳ್ಳಿ ಇದೆ. ತಲೆಯ ಮೇಲೆ ಹುಳುಗಳು ತಿನ್ನುವ ಸದ್ದು ಕೇಳುತ್ತದೆ, ಅಷ್ಟು ಮೌನ. ಗೆದ್ದೆ. ಡುಲ್ಸಿನ್‌ಗೆ ಫೋನ್ ಮಾಡಬೇಕು. ಏಳಬೇಕು. ಏಳುತ್ತೇನೆ, ಇನ್ನು ಸ್ವಲ್ಪ ಹೊತ್ತು.

ಮೆಟ್ಟಿಲ ಮೇಲಿನ ಲೋಟ ಕೈಗೆಟಕುತ್ತಿತ್ತು. ನನ್ನ ಪಾಲಿನದು ಕುಡಿದೆ. ಸಕ್ಕರೆ ಜಾಸ್ತಿ. ಇನ್ನೊಂದರಲ್ಲಿ ಇನ್ನೂ ಹಬೆ ಏಳುತ್ತಿದೆ. ಅಭ್ಯಾಸಬಲ, ಪಕ್ಕಕ್ಕೆ ತಿರುಗಿ "ತಣಿಯುತ್ತದೆ, ಕುಡಿಯಿರಿ" ಎಂದುಬಿಟ್ಟೆ. ಹಬೆ ಮೇಲಕ್ಕೆ ಹೋಗುತ್ತಿದ್ದದ್ದು ಈಗ ಮೇಲಕ್ಕೆ ಹೋಗುತ್ತಿಲ್ಲ, ನನ್ನ ಕಡೆಗೆ ವಾಲಿದೆ, ಪಕ್ಕದಿಂದ ಯಾರೋ ಊದಿದ ಹಾಗೆ—